ಡಾಕ್ಟರ್ ಬಾಯಿಯ ಎಂಟು ಸಿಲಿಂಡರಿನ ಗಾಡಿ

ಗಾಡಿ ಕಾಂದಿವಲಿಯಿಂದ ವಡಾಲದ ನಮ್ಮ ಗ್ಯಾರೇಜಿಗೆ ಬಂದು ಮುಟ್ಟಲು ಎರಡು ದಿನ ಹಿಡಿಯಿತು. ಲಾರಿಗೆ ಕಟ್ಟಿ ಎಳೆಯೋಣವೆಂದರೆ ನಾಲ್ಕೂ ಗಾಲಿಗಳ ಬ್ರೇಕು ಡ್ರಮ್ಮಿಗೆ ಅಂಟಿಕೊಂಡಿತ್ತು. ಮೊದಲ ದಿನವೆಲ್ಲ ನಾನು ಅಲ್ಲಿನ ಬಂಗಲೆಯೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಂಗಾತ ಮಲಗಿ ಡ್ರಮ್ಮುಗಳನ್ನು ಒಂದೊಂದಾಗಿ ಬಡಿದು ಬಿಡಿಸಿದೆ. ತಾಡಪತ್ರಿ ಸರಿಸಿದಾಗ ಇಲಿಗಳು ಓಡಿದವು. ಹಿಂದಿನ ಸೀಟಿನ ಬಿಳಿ ಚರ್ಮವನ್ನು ಅವು ಕಡಿದು ಹಾಕಿದ್ದವು. ಅದೊಂದು ಬಿಟ್ಟರೆ ಗಾಡಿ ನಿಲ್ಲಿಸಿದಾಗ ಹೇಗಿತ್ತೋ ಹಾಗೇ ಇತ್ತು. ಹದಿನೆಂಟು ಅಡಿಗೂ ಉದ್ದನೆಯ ತಿಳಿನೀಲಿ ಅಮೆರಿಕನ್ ಕನ್ವರ್ಟಿಬಲ್. ಹಿಂದೆ ಮೀನಿನ ರೆಕ್ಕೆಯಂತೆ ಮೇಲೆದ್ದ ಎರಡು ಚೂಪು, ಮುಂದೆ ಅಗಲವಾದ ಕ್ರೋಮಿನ ಜಾಲರಿ, ಗುಂಡಿ ಒತ್ತಿದರೆ ತಾನೇ ಮಡಚಿಕೊಂಡು ಸೀಟಿನ ಹಿಂದೆ ಅಡಗುವ ಕ್ಯಾನ್ವಾಸಿನ ಹುಡ್. ನಾನು ಗುಂಡಿ ಒತ್ತಿದೆ. ಬ್ಯಾಟರಿಯೇ ಇಲ್ಲವೆಂಬುದು ಆಮೇಲೆ ನೆನಪಾಯಿತು.

ನಮ್ಮ ಗ್ಯಾರೇಜಿನ ಮಾಲೀಕರು ನಮ್ಮೂರಿನವರೇ, ವಿಜಾಪುರ ಜಿಲ್ಲೆಯ ಒಂದು ಹಳ್ಳಿಯವರು. ನಾವು ನಾಲಬಂದರು. ಅಪ್ಪ ಎತ್ತುಗಳ ಗೊರಸಿಗೆ ನಾಲು ಬಡಿಯುತ್ತಿದ್ದರು. ಆ ನಾಲುಗಳನ್ನು ಕಾಯಿಸಿ ಬಗ್ಗಿಸಿ ಕೊಡುತ್ತಿದ್ದುದು ಮಾಲೀಕರ ಮನೆತನದ ಕುಲುಮೆ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನ್ನನ್ನು ಮುಂಬೈಗೆ ಕರೆತಂದವರು, ಸ್ಪ್ಯಾನರ್ ಹಿಡಿಯಲು ಕಲಿಸಿದವರು ಅವರೇ. ನಾನು ಟೈಫಾಯ್ಡ್ ಬಂದು ಮಲಗಿದಾಗ ಇಪ್ಪತ್ತು ದಿನ ಗಂಜಿ ಕುಡಿಸಿದವರು ಅವರ ಹೆಂಡತಿ, ಅಂದರೆ ಕಾಕಿ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ನಾನು ಅಷ್ಟು ದಿನ ಏನನ್ನೂ ಅನುಮಾನಿಸದೆ ಹೇಗೆ ಇದ್ದೆನೆಂಬುದು ತಿಳಿಯುವುದಿಲ್ಲ.

ಪೆಟ್ರೋಲಿನ ಬೆಲೆ ಒಮ್ಮೆಗೇ ಏರಿದ ಚಳಿಗಾಲ ಅದು. ನಮ್ಮ ಗ್ಯಾರೇಜು ಹೆಸರು ಮಾಡಿದ್ದೇ ದೊಡ್ಡ ಅಮೆರಿಕನ್ ಗಾಡಿಗಳ ಕೆಲಸಕ್ಕೆ. ಐವತ್ತರ ದಶಕದಲ್ಲಿ ಹಡಗಿನಲ್ಲಿ ಬಂದಿಳಿದ ಗಾಡಿಗಳವು, ಹತ್ತಿಯ ದಲಾಲರದು, ಸಂಸ್ಥಾನಿಕರದು, ಸಿನಿಮಾದವರದು. ಹಾಡಿನ ಚಿತ್ರೀಕರಣಕ್ಕೆ ಹುಡ್ ತೆರೆದು ಹೊರಡುವ ಗಾಡಿಯನ್ನು ನೋಡಲು ನಮ್ಮ ಗಲ್ಲಿಯ ಹೆಂಗಸರು ನಲ್ಲಿಯ ಸಾಲು ಬಿಟ್ಟು ಬರುತ್ತಿದ್ದರು. ಆ ಚಳಿಗಾಲದಲ್ಲಿ ಅವೆಲ್ಲ ಒಂದೊಂದಾಗಿ ನಿಂತವು. ಕೆಲವರು ಗಾಡಿಯನ್ನು ಗುಜರಿಗೆ ಹಾಕಿದರು. ಇನ್ನು ಕೆಲವರು ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್ ಕಿತ್ತು ಅದರ ಜಾಗದಲ್ಲಿ ಲಾರಿಯ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಹಾಗೆ ಮಾಡಿದರೆ ಗಾಡಿ ಓಡುತ್ತದೆ, ಆದರೆ ಇಡೀ ಮೈ ನಡುಗುತ್ತದೆ, ಬಾಗಿಲ ಹಿಡಿ ಕೂಡ ಟಕಟಕ ಎನ್ನುತ್ತದೆ.

ನೀಲಿ ಗಾಡಿಯ ಒಡತಿ ಪರೇಲಿನಲ್ಲಿ ಹೆರಿಗೆ ಮನೆ ನಡೆಸುತ್ತಿದ್ದ ಡಾಕ್ಟರ್. ವಯಸ್ಸು ಅರವತ್ತು ದಾಟಿತ್ತು. ಗಿರಣಿ ಕೆಲಸಗಾರರ ಹೆಂಡಂದಿರೆಲ್ಲ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಗಾಡಿ ಅವರ ಗಂಡನದು. ಗಂಡ ಬದುಕಿದ್ದಾಗ ಭಾನುವಾರಗಳಲ್ಲಿ ಹುಡ್ ತೆರೆದು ಇಬ್ಬರೂ ಸಮುದ್ರದ ದಂಡೆಗೆ ಹೋಗುತ್ತಿದ್ದರಂತೆ. ಹೆರಿಗೆ ಮನೆಯ ಆಯಾಗಳ, ನರ್ಸುಗಳ ಮನೆಯಲ್ಲಿ ಮದುವೆಯಾದರೆ ಮದುಮಕ್ಕಳ ಮೆರವಣಿಗೆಗೆ ಅದೇ ಗಾಡಿ, ಗಂಡನೇ ಡ್ರೈವರ್. ಅವರು ತೀರಿಕೊಂಡ ಮೇಲೆ ಗಾಡಿ ಕಾಂದಿವಲಿಯ ಬಂಗಲೆಯಲ್ಲಿ ಆರು ವರ್ಷ ನಿಂತಿತ್ತು.

ಈಗ ಅವರ ಹಿರಿಯ ಆಯಾಳ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಏಪ್ರಿಲ್ ಕೊನೆಗೆ ಲಗ್ನ. ಡಾಕ್ಟರ್ ಬಾಯಿ ಆ ಆಯಾಳನ್ನು ಕರೆದುಕೊಂಡೇ ಗ್ಯಾರೇಜಿಗೆ ಬಂದರು. ಆಯಾ ಬಾಗಲಕೋಟೆ ಕಡೆಯ ಹೆಣ್ಣುಮಗಳು, ಮಾತು ಕೇಳಿದ ಕೂಡಲೇ ಗುರುತು ಹಿಡಿದಳು. "ಯಪ್ಪಾ, ನೀ ನಮ್ಮ ಕಡ್ಯಾವನ ಏನ?" ಎಂದು ಕೇಳಿ, ನಾನು ಹೌದೆಂದ ಮೇಲೆ ಗಾಡಿಯ ಬಗ್ಗೆ ಕೇಳಬೇಕಾದ್ದನ್ನೆಲ್ಲ ಕಾಕಾನನ್ನು ಬಿಟ್ಟು ನನ್ನನ್ನೇ ಕೇಳತೊಡಗಿದಳು. ಡಾಕ್ಟರ್ ಬಾಯಿ ಮರಾಠಿಯವರು. ಅವರಿಗೆ ಬರುತ್ತಿದ್ದ ಕನ್ನಡವೆಲ್ಲ ಹೆರಿಗೆ ಕೋಣೆಯದು: ಸೈರಿಸವ್ವಾ, ಉಸಿರು ಬಿಡು, ಇನ್ನೊಂದು ಸಲ.

ಡೀಸೆಲ್ ಇಂಜಿನ್ನಿನ ಮಾತು ಕಾಕಾ ಅಂದೇ ಎತ್ತಿದರು. ಡಾಕ್ಟರ್ ಬಾಯಿ ಒಪ್ಪಲಿಲ್ಲ. ಈ ಗಾಡಿ ಶುರುವಾದದ್ದು ಒಳಗೆ ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ಮೆತ್ತಗೆ ನಡೆಯುತ್ತಿತ್ತು, ಅದೇ ಇಂಜಿನ್ ಆದರೆ ಮಾಡಿ, ಇಲ್ಲವಾದರೆ ಹೀಗೇ ಇರಲಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಆಗುತ್ತದೋ ಇಲ್ಲವೋ ನೀನು ಹೇಳು ಎಂದರು. ನಾನು ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲು ಡಾಂಬರಿನಂತಾಗಿತ್ತು, ಆದರೆ ಅದರಲ್ಲಿ ನೀರು ಇರಲಿಲ್ಲ. ಆಗುತ್ತದೆ, ಇದೇ ಇಂಜಿನ್ ಓಡುತ್ತದೆ ಎಂದೆ. ಕಾಕಾ ಪಕ್ಕದಲ್ಲೇ ನಿಂತಿದ್ದರು.

ಇಂಜಿನ್ ಇಳಿಸಲು ಒಂದು ವಾರ ಬೇಕಾಯಿತು. ಹೆಡ್ ಬಿಚ್ಚಿದರೆ ಎಂಟರಲ್ಲಿ ಎರಡು ಪಿಸ್ಟನ್‌ಗಳು ಸಿಲಿಂಡರಿಗೆ ತುಕ್ಕು ಹಿಡಿದು ಕೂತಿದ್ದವು. ಆ ಎರಡರಲ್ಲೂ ಸೀಮೆಎಣ್ಣೆ ಮತ್ತು ಹಳೆಯ ಆಯಿಲು ಬೆರೆಸಿ ತುಂಬಿಸಿ ಬಿಟ್ಟೆ. ದಿನಾ ಬೆಳಿಗ್ಗೆ ಸಾಗುವಾನಿಯ ತುಂಡೊಂದನ್ನು ಪಿಸ್ಟನ್ನಿನ ಮೇಲಿಟ್ಟು ಹಗುರವಾಗಿ ಬಡಿಯುವುದು, ಅಲುಗದಿದ್ದರೆ ಮತ್ತೆ ಎಣ್ಣೆ ತುಂಬಿಸುವುದು. ಇಲ್ಲಿ ಅವಸರ ಮಾಡಿದರೆ ಪಿಸ್ಟನ್ ಒಡೆಯುತ್ತದೆ, ಮತ್ತು ಆ ಪಿಸ್ಟನ್ ಹಿಂದೂಸ್ತಾನದಲ್ಲಿ ಎಲ್ಲಿಯೂ ಸಿಗುತ್ತಿರಲಿಲ್ಲ. ಹದಿನೈದನೆಯ ದಿನ ಒಂದು ಕೂದಲೆಳೆಯಷ್ಟು ಸರಿಯಿತು. ಇನ್ನೊಂದಕ್ಕೆ ತಿಂಗಳು ಹಿಡಿಯಿತು.

ಪಿಸ್ಟನ್ ಉಳಿದವು, ಸಿಲಿಂಡರಿನ ಗೋಡೆ ಉಳಿಯಲಿಲ್ಲ. ತುಕ್ಕು ಗುಳಿ ತೋಡಿತ್ತು. ಕೊರೆದು ಅಗಲ ಮಾಡಿದರೆ ದೊಡ್ಡ ಪಿಸ್ಟನ್ ಬೇಕು. ಹಾಗಾಗಿ ಆ ಎರಡಕ್ಕೆ ಒಳಗಿನಿಂದ ಸ್ಲೀವ್, ಅಂದರೆ ತೆಳುವಾದ ಕಬ್ಬಿಣದ ಕೊಳವೆ ಕೂರಿಸಿ ಮೊದಲಿನ ಅಳತೆಗೆ ತರುವುದೆಂದು ತೀರ್ಮಾನಿಸಿದೆ. ಪರೇಲಿನ ಒಂದು ಲೇತ್ ವರ್ಕ್‌ಶಾಪಿನಲ್ಲಿ ಸ್ಲೀವ್ ತಿರುವಿಸಿದೆವು. ಮೊದಲ ಜೋಡಿ ಕೂರಿಸುವಾಗ ಒಂದು ಸೀಳಿತು. ಎರಡನೆಯ ಜೋಡಿ ಕೂತಿತು. ಹಿಂದಿನ ಮುಖ್ಯ ಬೇರಿಂಗಿನ ಆಯಿಲ್ ಸೀಲು ರಬ್ಬರಿನದಲ್ಲ, ಗ್ರಾಫೈಟ್ ಹಚ್ಚಿದ ಹುರಿ. ಅದನ್ನು ಮರದ ಉರುಳೆಯಿಂದ ಕಾಲುವೆಯೊಳಗೆ ಒತ್ತಿ ಒತ್ತಿ ಕೂರಿಸಬೇಕು. ಮೂರು ಸಲ ಕೂರಿಸಿ ಮೂರು ಸಲವೂ ಸೋರಿ, ನಾಲ್ಕನೆಯ ಸಲಕ್ಕೆ ಹುರಿಯನ್ನು ಎರಡು ದಿನ ಆಯಿಲಿನಲ್ಲಿ ನೆನೆಹಾಕಿದೆ. ಆಗ ನಿಂತಿತು.

ಈ ತಿಂಗಳುಗಳಲ್ಲಿ ಕಾಕಾ ನನ್ನ ಯಾವ ಬೇಡಿಕೆಗೂ ಇಲ್ಲವೆನ್ನಲಿಲ್ಲ. ಮೊದಲಾದರೆ ಒಂದು ಗ್ಯಾಸ್ಕೆಟ್ಟಿಗೂ ಹತ್ತು ಮಾತು ಕೇಳುವವರು. ಈ ಸಲ ಪಿಸ್ಟನ್ ರಿಂಗುಗಳು ಬೇಕೆಂದರೆ ವಿದೇಶದ ಡಬ್ಬಿಯಲ್ಲೇ ತಂದುಕೊಟ್ಟರು. ಇಂಜಿನ್ ಬ್ಲಾಕಿನ ನೀರಿನ ದಾರಿ ಮುಚ್ಚುವ ಬಿಲ್ಲೆಗಳು ತುಕ್ಕು ಹಿಡಿದಿವೆ ಎಂದಾಗ ಕಬ್ಬಿಣದ್ದು ಬೇಡವೆಂದು ಹಿತ್ತಾಳೆಯವನ್ನು ಮಾಡಿಸಿ ತಂದರು. ನಾನು ಖುಷಿಪಟ್ಟೆ. ದೊಡ್ಡ ಗಾಡಿಗಳ ಕಾಲ ಮುಗಿಯುತ್ತಿದೆ, ಕೊನೆಯದಾಗಿ ಒಂದು ಒಳ್ಳೆಯ ಕೆಲಸ ಮಾಡಿ ಬಿಡೋಣವೆಂದು ಅವರಿಗೂ ಅನ್ನಿಸಿರಬೇಕು ಅಂದುಕೊಂಡೆ.

ಫೆಬ್ರವರಿಯಲ್ಲಿ ಇಂಜಿನ್ನನ್ನು ಕಬ್ಬಿಣದ ತೊಲೆಗಳ ಮೇಲೆ ಕೂರಿಸಿ, ನೀರಿನ ಡ್ರಮ್ಮಿಗೆ ಪೈಪು ಜೋಡಿಸಿ ಮೊದಲ ಸಲ ಶುರು ಮಾಡಿದೆವು. ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ಕಿವಿಗೆ ಬಿದ್ದದ್ದು ಫ್ಯಾನಿನ ಗಾಳಿ ಮಾತ್ರ. ನಾನು ಏರ್ ಕ್ಲೀನರಿನ ಮೇಲೆ ಒಂದು ಗ್ಲಾಸು ಚಹಾ ಇಟ್ಟೆ. ಚಹಾ ತುಳುಕಲಿಲ್ಲ. ಗ್ಯಾರೇಜಿನವರೆಲ್ಲ ಬಂದು ಆ ಗ್ಲಾಸನ್ನು ನೋಡಿ ಹೋದರು.

ಅದರ ಮರುದಿನ ಕಾಕಾ ಒಬ್ಬ ಅತಿಥಿಯನ್ನು ಕರೆತಂದರು. ಬಿಸಿಲಿಗೆ ಕಪ್ಪಾದ ಮುಖ, ರಬ್ಬರಿನ ಚಪ್ಪಲಿ, ಮಾತು ಕಡಿಮೆ. ಅವನು ಇಂಜಿನ್ನನ್ನು ಪೂರ್ತಿ ವೇಗದಲ್ಲಿ ಬಿಡಲು ಹೇಳಿ ಒಂದು ಗಂಟೆ ಸುಮ್ಮನೆ ನಿಂತು ಕೇಳಿದ. ಹೀಗೇ ಏಳು ತಾಸು ನಿಲ್ಲಿಸದೆ ಓಡಿದರೆ ತಾಳುತ್ತದೆಯೇ ಎಂದು ಹಿಂದಿಯಲ್ಲಿ ವಿಚಾರಿಸಿದ. ತಾಳುತ್ತದೆ ಎಂದೆ. ಉಪ್ಪು ನೀರು ಬಿಟ್ಟರೆ ಎಂದು ಕೇಳಿದ. ವಡಾಲದ ಬಾವಿಗಳ ನೀರು ಉಪ್ಪೇ. ಅದನ್ನೇ ಕೇಳುತ್ತಿದ್ದಾನೆಂದು ತಿಳಿದು, ವರ್ಷಕ್ಕೊಮ್ಮೆ ಪಂಪು ಬಿಚ್ಚಿ ತೊಳೆಯಬೇಕಾದೀತು ಎಂದು ಉತ್ತರ ಕೊಟ್ಟೆ. ಅವನು ತಲೆಯಾಡಿಸಿದ. ಕಾಕಾ ನನ್ನ ಬೆನ್ನು ತಟ್ಟಿ, "ನಮ್ಮ ಹುಡುಗ" ಎಂದರು.

ಮಾರ್ಚ್ ಕೊನೆಗೆ ಇಂಜಿನ್ ಗಾಡಿಯೊಳಗೆ ಕೂತಿತು. ಸೀಟಿನ ಚರ್ಮ ಬದಲಾಯಿತು. ಹುಡ್ ಏರಿಸಿ ಇಳಿಸುವ ಎರಡು ಜ್ಯಾಕುಗಳ ಸೀಲು ಬದಲಿಸಿ, ಬ್ರೇಕ್ ಆಯಿಲು ತುಂಬಿ, ಗುಂಡಿ ಒತ್ತಿದಾಗ ಅದು ಮೊದಲು ಒಂದೇ ಕಡೆ ಎದ್ದು ಸೊಟ್ಟಗಾಯಿತು. ಗಾಳಿ ಸೇರಿಕೊಂಡಿತ್ತು. ಗಾಳಿ ತೆಗೆದ ಮೇಲೆ ಸರಿಯಾಯಿತು. ಏಪ್ರಿಲ್ ಎರಡನೆಯ ವಾರ ಡಾಕ್ಟರ್ ಬಾಯಿ ಮತ್ತು ಆಯಾ ಬಂದ ದಿನ ಸಂಜೆ ನಾಲ್ಕಕ್ಕೆ ಹುಡ್ ಇಳಿಸಿ ಬಂದರಿನ ಕಡೆಯ ರಸ್ತೆಗೆ ಗಾಡಿ ತೆಗೆದೆ. ಡಾಕ್ಟರ್ ಬಾಯಿ ಮುಂದೆ ನನ್ನ ಪಕ್ಕ, ಆಯಾ ಹಿಂದೆ. ಗೋದಾಮುಗಳ ಹಮಾಲರು ಮೂಟೆ ಹೊತ್ತೇ ನಿಂತು ನೋಡಿದರು. ಒಂದು ಮೈಲಿ ಹೋದ ಮೇಲೆ ಡಾಕ್ಟರ್ ಬಾಯಿ ಇಂಜಿನ್ ನಿಂತುಹೋಯಿತೇ ಎಂದು ವಿಚಾರಿಸಿದರು. ಗಾಡಿ ಓಡುತ್ತಲೇ ಇತ್ತು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ಇಳಿಯುವಾಗ ಆಯಾ ನನ್ನ ಕೈ ಹಿಡಿದಳು. "ನನ್ನ ಮಗಳು ಹುಟ್ಟಿದ್ದೂ ಬಾಯಿ ಕೈಯಾಗನ. ಈ ಗಾಡಿಯಾಗ ಕುಂಡ್ರಿಸಿ ಕಳಸ್ತೀನಿ ಅಂತ ಬೀಗರಿಗೆ ಹೇಳೀನಿ. ನಿನ್ನ ಮಾತಿನ ಮ್ಯಾಲ ಹೇಳೀನಪ್ಪಾ."

ಅಂದೇ ಸಂಜೆ ಕಾಕಾ ಕೆಲಸದ ಕಾರ್ಡು ತಂದರು. ಯಾವ ಗಾಡಿ ಮುಗಿದರೂ ಫಿಟರ್ ಆ ಕಾರ್ಡಿನ ಮೇಲೆ ಏನೇನು ಮಾಡಿದೆನೆಂದು ಬರೆದು ಸಹಿ ಹಾಕುವುದು ರೂಢಿ. ಈ ಸಲ ಕಾರ್ಡು ಖಾಲಿಯಿತ್ತು. ಡಾಕ್ಟರ್ ಬಾಯಿ ದೊಡ್ಡ ಮನುಷ್ಯರು, ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಕೊಡೋಣ, ನೀನು ಕೆಳಗೆ ಸಹಿ ಹಾಕು ಎಂದರು. ಹಾಕಿದೆ. ಆಮೇಲೆ ಅವರು, ನಿನ್ನ ತಂಗಿಯ ನಿಶ್ಚಿತಾರ್ಥ ಇದೆಯಲ್ಲ, ಐದು ತಿಂಗಳಿಂದ ಒಂದು ದಿನವೂ ರಜೆ ತೆಗೆದುಕೊಂಡಿಲ್ಲ, ಹತ್ತು ದಿನ ಊರಿಗೆ ಹೋಗಿ ಬಾ ಎಂದರು. ಕಾಕಿ ತಂಗಿಗೆಂದು ಇಳಕಲ್ ಸೀರೆ ಕೊಟ್ಟು ಕಳಿಸಿದರು. ಕಾಕಾ ದಾದರ್ ಸ್ಟೇಷನ್ನಿನವರೆಗೂ ಬಂದು ನನ್ನನ್ನು ರೈಲು ಹತ್ತಿಸಿದರು. ರೈಲು ಹೊರಟ ಮೇಲೂ ಪ್ಲಾಟ್‌ಫಾರ್ಮಿನ ಮೇಲೆ ಕೈಯೆತ್ತಿ ನಿಂತೇ ಇದ್ದರು.

ನಾನು ಹಿಂತಿರುಗಿದ್ದು ಹನ್ನೊಂದನೆಯ ದಿನ ಬೆಳಿಗ್ಗೆ. ಗ್ಯಾರೇಜಿನಲ್ಲಿ ನೀಲಿ ಗಾಡಿ ಇರಲಿಲ್ಲ. ಕಾಕಾ ಕೂಡ ಇರಲಿಲ್ಲ. ಪೇಂಟರನ್ನು ಕೇಳಿದರೆ, ನಿನ್ನೆಯೇ ಕೊಟ್ಟುಬಂದರು ಎಂದು ನನ್ನ ಮುಖ ನೋಡದೆ ಹೇಳಿದ. ನಾನು ಕೈಕಾಲು ತೊಳೆದು ಪರೇಲಿಗೆ ಹೊರಟೆ. ಮದುವೆಗೆ ಇನ್ನು ನಾಲ್ಕು ದಿನ. ಗಾಡಿ ಹೊಸ ಜಾಗದಲ್ಲಿ ಹೇಗಿದೆ, ರೇಡಿಯೇಟರಿಗೆ ಯಾರು ನೀರು ಹಾಕುತ್ತಿದ್ದಾರೆ, ಇಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು.

ಹೆರಿಗೆ ಮನೆಯ ಗಲ್ಲಿಗೆ ತಿರುಗುವಾಗಲೇ ಸದ್ದು ಕೇಳಿಸಿತು. ಲಾರಿ ನಿಂತಿದೆ ಅಂದುಕೊಂಡೆ. ಗೇಟಿನೊಳಗೆ ನೋಡಿದರೆ ಲಾರಿ ಇಲ್ಲ. ನೀಲಿ ಗಾಡಿ ನಿಂತಿತ್ತು. ಡಾಕ್ಟರ್ ಬಾಯಿಯ ಡ್ರೈವರ್ ಅದನ್ನು ಶುರು ಮಾಡಿ ಇಟ್ಟಿದ್ದ. ಮುಂದಿನ ಕ್ರೋಮಿನ ಜಾಲರಿ ನಡುಗುತ್ತಿತ್ತು, ಹಿಂದಿನಿಂದ ಕರಿಹೊಗೆ. ನಾನು ಯಾರನ್ನೂ ಕೇಳದೆ ಬಾನೆಟ್ ಎತ್ತಿದೆ. ಒಳಗೆ ಆರು ಸಿಲಿಂಡರಿನ ಹಳೆಯ ಲಾರಿ ಇಂಜಿನ್. ಅದನ್ನು ಕೂರಿಸಲು ಗಾಡಿಯ ಅಡಿಯ ತೊಲೆಗಳನ್ನು ಕತ್ತರಿಸಿ ಕಬ್ಬಿಣದ ಬ್ರಾಕೆಟ್ಟುಗಳನ್ನು ಬೆಸುಗೆ ಹಾಕಿದ್ದರು. ಅಳತೆ ಎಷ್ಟು ಸರಿಯಾಗಿತ್ತೆಂದರೆ, ಆ ಬ್ರಾಕೆಟ್ಟುಗಳು ಹತ್ತು ದಿನದಲ್ಲಿ ಮಾಡಿದಂಥವಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ತಿಂಗಳುಗಳ ಹಿಂದೆಯೇ ಮಾಡಿಸಿಟ್ಟಂಥವು.

ಡಾಕ್ಟರ್ ಬಾಯಿ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಅವರು ಕೂಗಾಡಲಿಲ್ಲ. ಒಳಗೆ ಕರೆದು, ಮೇಜಿನ ಖಾನೆಯಿಂದ ಕಾರ್ಡು ತೆಗೆದು ನನ್ನ ಮುಂದಿಟ್ಟರು. ಏಳನೆಯ ಇಯತ್ತೆ ಕಲಿತವನು ನಾನು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದೆ. ಓಡಿಸಿ ಪರೀಕ್ಷೆ ಮಾಡುವಾಗ ಬ್ಲಾಕ್ ಬಿರುಕು ಬಿಟ್ಟಿದೆ, ದುರಸ್ತಿಯಾಗದು, ಡೀಸೆಲ್ ಇಂಜಿನ್ ಹಾಕುವುದೇ ಸರಿ ಎಂದಿತ್ತು. ಕೆಳಗೆ ನನ್ನ ಸಹಿ. ನಿನ್ನ ಮಾಲೀಕರು ಬಂದು ನಿನ್ನ ಪರವಾಗಿ ಕ್ಷಮೆ ಕೇಳಿದರು, ಮುಖ ತೋರಿಸಲು ನಾಚಿ ಊರಿಗೆ ಹೋಗಿದ್ದಾನೆ ಎಂದರು, ಎಂದು ಡಾಕ್ಟರ್ ಬಾಯಿ ಹೇಳಿದರು. ಅಷ್ಟರಲ್ಲಿ ಒಳಗಿನಿಂದ ನರ್ಸ್ ಕರೆದಳು, ಅವರು ಎದ್ದುಹೋದರು.

ಕಾಕಾ ಮಧ್ಯಾಹ್ನ ಸಿಕ್ಕರು. ಗ್ಯಾರೇಜಿನ ಹಿಂದಿನ ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಿದ್ದರು. ನಾನು ಇಂಜಿನ್ ಎಲ್ಲಿ ಎಂದೆ.

"ನೀರಿನ ಮ್ಯಾಲ ಐತಿ" ಎಂದರು.

ರಬ್ಬರಿನ ಚಪ್ಪಲಿಯವನು, ಏಳು ತಾಸು, ಉಪ್ಪು ನೀರು, ಹಿತ್ತಾಳೆಯ ಬಿಲ್ಲೆ, ಎಲ್ಲವೂ ಒಮ್ಮೆಗೇ ಅರ್ಥವಾದವು. ಆ ವರ್ಷಗಳಲ್ಲಿ ಕಳ್ಳಮಾಲು ತರುವ ಲಾಂಚುಗಳಿಗೆ ಅಮೆರಿಕನ್ ಗಾಡಿಗಳ ದೊಡ್ಡ ಇಂಜಿನ್ ಹಾಕುತ್ತಾರೆಂದು ಎಲ್ಲ ಗ್ಯಾರೇಜಿನವರೂ ಮಾತಾಡಿಕೊಳ್ಳುತ್ತಿದ್ದರು. ಅಂಥದ್ದೊಂದನ್ನು ನನ್ನ ಕೈಯಲ್ಲೇ ಮಾಡಿಸುತ್ತಾರೆಂದು ನಾನು ಯೋಚಿಸಿರಲಿಲ್ಲ.

ಗಾಡಿ ಬಂದ ದಿನವೇ ಇದು ನಿರ್ಧಾರವಾಗಿತ್ತೇ ಎಂದು ಕೇಳಿದೆ. ಅದಕ್ಕೂ ಮೊದಲೇ ಎಂದರು. ಅವರು ಸುಳ್ಳು ಹೇಳಲಿಲ್ಲ, ಅದೊಂದೇ ನನಗೆ ಕೊಟ್ಟ ಮರ್ಯಾದೆ. ದೊಡ್ಡ ಗಾಡಿಗಳ ಕೆಲಸ ಮುಗಿಯಿತು, ಗ್ಯಾರೇಜಿನಲ್ಲಿ ಹನ್ನೆರಡು ಮಂದಿ ಇದ್ದಾರೆ, ಅವರನ್ನೆಲ್ಲ ಊರಿಗೆ ಕಳಿಸಲೇ ಎಂದು ಕೇಳಿದರು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನೀ ಇಷ್ಟು ಚಂದ ಮಾಡ್ತಿದ್ದಿಲ್ಲ" ಎಂದರು. "ಅಕಿಗೆ ಮೆರವಣಿಗೀಗೆ ಒಂದು ಗಾಡಿ ಬೇಕಾಗಿತ್ತು. ಗಾಡಿ ಐತಿ. ಬಾನೆಟ್ ಎತ್ತಿ ಯಾರು ನೋಡ್ತಾರ? ಮಜೂರಿ ಸೈತ ಬ್ಯಾಡಂದೀನಿ. ನೀ ಸುಮ್ನಿರು. ಇನ್ನೆರಡು ಇಂಜಿನ್ ಬರಾವದಾವು, ಮಾಡೂಣು."

ನನ್ನ ಸಹಿಯ ಮೇಲೆ ಆ ಮಾತು ಯಾಕೆ ಬರೆಸಿದಿರಿ ಎಂದೆ. ಯಾರಾದರೂ ಒಬ್ಬರ ಹೆಸರು ಬೇಕಾಗಿತ್ತು, ನನ್ನ ಮಾತನ್ನು ಆಕೆ ನಂಬುತ್ತಿರಲಿಲ್ಲ, ನಿನ್ನದನ್ನು ನಂಬುತ್ತಾಳೆ ಎಂದು ಹೇಳಿ ಎಲೆಗೆ ಸುಣ್ಣ ಹಚ್ಚತೊಡಗಿದರು.

ನಾನು ಕಟ್ಟೆಯಿಂದ ಎದ್ದೆ. ಐದು ತಿಂಗಳಲ್ಲಿ ನಾನು ಆ ಇಂಜಿನ್ನಿನ ಪ್ರತಿ ನಟ್ಟನ್ನೂ ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿದಿದ್ದೆ. ಅದು ಚೆನ್ನಾಗಿ ಓಡಿದಷ್ಟೂ ಡಾಕ್ಟರ್ ಬಾಯಿಯಿಂದ ದೂರ ಓಡುತ್ತದೆ. ಆದರೆ ಅದಕ್ಕಿಂತ ಹೆಚ್ಚು ನೋಯಿಸಿದ್ದು ದಾದರ್ ಸ್ಟೇಷನ್ನು. ಕಾಕಾ ಅಷ್ಟು ದೂರ ಬಂದದ್ದು ನಾನು ನಿಜಕ್ಕೂ ಹೊರಟೆನೋ ಇಲ್ಲವೋ ನೋಡಲು.

ಆ ದಿನ ನಾನು ವಡಾಲದ ಉಪ್ಪಿನ ಗದ್ದೆಗಳ ಬದುವಿನ ಮೇಲೆ ಬಹಳ ಹೊತ್ತು ನಡೆದೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ನಾನು ವಾಸವಿದ್ದ ಖೋಲಿ ಉಳಿಯುತ್ತದೆ. ಖೋಲಿಯೂ ಕಾಕಾನದೇ. ಹೇಳಿದರೆ ಎರಡೂ ಹೋಗುತ್ತವೆ, ಪೊಲೀಸರು ಬಂದರೆ ಮೊದಲು ಕೇಳುವುದು ನನ್ನ ಹೆಸರನ್ನೇ. ಕಾಕಾ ಇದನ್ನೆಲ್ಲ ನನಗಿಂತ ಮೊದಲೇ ಲೆಕ್ಕ ಹಾಕಿದ್ದರು. ಲೆಕ್ಕ ಹಾಕಿದ್ದಾರೆ ಎಂಬ ಸಿಟ್ಟಿಗೇ ನಾನು ತೀರ್ಮಾನಕ್ಕೆ ಬಂದೆ. ಧೈರ್ಯದಿಂದ ಅಲ್ಲ.

ಮರುದಿನ ಬೆಳಿಗ್ಗೆ ಹೆರಿಗೆ ಮನೆಯ ಹೊರರೋಗಿಗಳ ಬೆಂಚಿನ ಮೇಲೆ ಬಸುರಿ ಹೆಂಗಸರ ಸಾಲಿನ ಕೊನೆಗೆ ಕೂತು ಕಾದೆ. ನನ್ನ ಸರದಿ ಬಂದಾಗ ಡಾಕ್ಟರ್ ಬಾಯಿಗೆ ಎಲ್ಲವನ್ನೂ ಹೇಳಿದೆ: ಬ್ಲಾಕ್ ಬಿರುಕು ಬಿಟ್ಟಿಲ್ಲ, ಇಂಜಿನ್ ಎಲ್ಲಿದೆ, ಯಾರು ಬಂದು ಕೇಳಿದ್ದರು, ಕಾರ್ಡಿನ ಮೇಲೆ ಏನೂ ಇಲ್ಲದಿದ್ದಾಗ ಸಹಿ ಹಾಕಿದ್ದು. ಪೊಲೀಸರ ಮುಂದೆ ಬೇಕಾದರೂ ಹೇಳುತ್ತೇನೆ ಎಂದೆ. ಮೊದಲು ನಿನ್ನನ್ನೇ ಕರೆದೊಯ್ಯುತ್ತಾರೆ ಎಂದರು. ಒಯ್ಯಲಿ ಎಂದೆ.

ಅವರು ಮರಾಠಿಯಲ್ಲಿ ನಿಧಾನವಾಗಿ, ನನಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಹೇಳಿದರು. "ನೀನು ಹೇಳಿದ್ದನ್ನು ನಂಬುತ್ತೇನೆ. ಆದರೆ ನಾನು ಮಗುವನ್ನು ಕೈಯಲ್ಲಿ ಹಿಡಿದು ನೋಡದೆ ಒಂದು ಕಾಗದಕ್ಕೂ ಸಹಿ ಹಾಕಿದವಳಲ್ಲ. ನೀನು ಹಾಕಿದೆ." ಆಮೇಲೆ, ಆಯಾಗೆ ಇದು ಗೊತ್ತಾಗಬಾರದು, ಮದುವೆ ಮುಗಿಯಲಿ ಎಂದರು. ನಾನು ಒಪ್ಪಿದೆ.

ಮದುವೆಯ ದಿನ ನಾನು ಹೋಗಬಾರದೆಂದೇ ಇದ್ದೆ. ಆಯಾ ತನ್ನ ಅಣ್ಣನ ಮಗನ ಕೈಯಲ್ಲಿ ಹೇಳಿ ಕಳಿಸಿದಳು. ಹೋಗಿ ನೋಡಿದರೆ ಆಯಾಳ ಚಾಳಿನ ಮುಂದೆ ಬ್ಯಾಂಡು, ಮಾವಿನ ತೋರಣ, ಹುಡ್ ಇಳಿಸಿದ ನೀಲಿ ಗಾಡಿಗೆ ಚೆಂಡುಹೂವಿನ ಸರ. ಹಿಂದಿನ ಸೀಟಿನಲ್ಲಿ ಮದುಮಕ್ಕಳು. ಮುಂದೆ ಡ್ರೈವರಿನ ಪಕ್ಕ, ರೇಷ್ಮೆಯ ಪೇಟ ಸುತ್ತಿಸಿಕೊಂಡು, ಕೊರಳಲ್ಲಿ ಹಾರ ಹಾಕಿಕೊಂಡು ಕಾಕಾ ಕೂತಿದ್ದರು. ಮಜೂರಿ ಬೇಡವೆಂದ ದೊಡ್ಡ ಮನುಷ್ಯನಿಗೆ ಆಯಾ ತನ್ನ ಕಡೆಯಿಂದ ಪೇಟ-ಹಾರದ ಆಹೇರಿ ಮಾಡಿದ್ದಳು. ಡಾಕ್ಟರ್ ಬಾಯಿ ಹಿಂದೆ ನಡೆದು ಬರುತ್ತಿದ್ದರು. ಮೊಣಕಾಲು ನೋವಿದ್ದರೂ ಗಾಡಿಯಲ್ಲಿ ಕೂರಲು ಒಪ್ಪಿರಲಿಲ್ಲ.

ಕಾಕಾ ನನ್ನನ್ನು ಕಂಡು ಸೀಟಿನಲ್ಲಿ ಸರಿದು ಜಾಗ ಮಾಡಿದರು. "ಬಾ ತಮ್ಮಾ, ಕುಂಡ್ರು. ನಿನ್ನ ಗಾಡಿ" ಎಂದರು. ಸುತ್ತಲಿನವರೆಲ್ಲ ನನ್ನನ್ನು ಮುಂದೆ ತಳ್ಳಿದರು. ನಡೆದೇ ಬರುತ್ತೇನೆ ಎಂದು ಹೇಳಿ ಬಾಗಿಲ ಪಕ್ಕದಲ್ಲಿ ಕಾಲು ಹಾಕಿದೆ. ಗಾಡಿ ನಡುಗುತ್ತ ಹೊರಟಿತು. ಮದುಮಗಳ ಬಾಸಿಂಗದ ಎಳೆಗಳು ಇಂಜಿನ್ನಿನ ತಾಳಕ್ಕೇ ಕುಣಿಯುತ್ತಿದ್ದವು. ಅವಳು ಅದಕ್ಕೆ ನಕ್ಕಳು. ಗಿರಣಿಯಿಂದ ಶಿಫ್ಟ್ ಮುಗಿಸಿ ಬರುತ್ತಿದ್ದವರು ಸಾಲುಗಟ್ಟಿ ನಿಂತು ನೋಡಿದರು. ಸದ್ದಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಬಾನೆಟ್ ಎತ್ತಿ ಯಾರೂ ನೋಡುವುದಿಲ್ಲವೆಂದು ಕಾಕಾ ಹೇಳಿದ್ದು ನಿಜವೇ ಆಗಿತ್ತು, ಅದನ್ನು ನೋಡುತ್ತ ನಡೆಯುವುದು ನನ್ನ ಪಾಲಿಗೆ ಬಂತು.

ಮೆರವಣಿಗೆ ಅರ್ಧ ದಾರಿಗೆ ಬಂದಾಗ ರೇಡಿಯೇಟರ್ ಕುದಿಯಿತು. ಲಾರಿ ಇಂಜಿನ್ನು ಅಷ್ಟು ಮೆಲ್ಲನೆಯ ನಡಿಗೆಗೆ ಹೇಳಿ ಮಾಡಿಸಿದ್ದಲ್ಲ. ಬ್ಯಾಂಡು ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾನೆಟ್ ಎತ್ತಿ, ಒದ್ದೆ ಗೋಣಿ ಹಾಕಿ ಮುಚ್ಚಳ ತಿರುವಿ, ಹೋಟೆಲಿನಿಂದ ಎರಡು ಬಕೆಟು ನೀರು ತರಿಸಿ ಹೊಯ್ದೆ, ಸಡಿಲವಾಗಿದ್ದ ಬೆಲ್ಟು ಬಿಗಿದೆ. ಹತ್ತು ನಿಮಿಷದ ಕೆಲಸ. ಅಷ್ಟು ಹೊತ್ತೂ ಡಾಕ್ಟರ್ ಬಾಯಿ ನನ್ನ ಎದುರಿಗೇ ನಿಂತಿದ್ದರು. ಗಾಡಿ ಮತ್ತೆ ಹೊರಟಿತು. ಆಯಾ ಓಡಿಬಂದು, "ನೀ ಇದ್ದಿ ಅಂತ ಮಾನ ಉಳೀತಪ್ಪಾ" ಎಂದಳು. ಸುಟ್ಟ ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಊಟಕ್ಕೆ ನಿಲ್ಲದೆ ಹೊರಟುಬಂದೆ.

ಡಾಕ್ಟರ್ ಬಾಯಿ ಆಮೇಲೆ ದೂರು ಕೊಡಲಿಲ್ಲ. ವಕೀಲರೊಬ್ಬರನ್ನು ಕೇಳಿದರೆಂದೂ, ಸಹಿ ಮಾಡಿದವನೊಬ್ಬನೇ ಸಿಕ್ಕಿ ಬೀಳುತ್ತಾನೆ ಎಂದು ಅವರು ಹೇಳಿದರೆಂದೂ ಡ್ರೈವರಿನಿಂದ ತಿಳಿಯಿತು. ಗಾಡಿ ಕಾಂದಿವಲಿಯ ಶೆಡ್ಡಿಗೆ ಹೋಯಿತು. ನನ್ನನ್ನು ಅವರು ಮತ್ತೆ ಕರೆಯಲಿಲ್ಲ.

ಗ್ಯಾರೇಜಿಗೆ ನಾನು ಹೋಗಲಿಲ್ಲ. ಬೇರೆ ಖೋಲಿ ಸಿಗುವವರೆಗೆ ಎಂಟು ದಿನ ಕಾಕಾನ ಖೋಲಿಯಲ್ಲೇ ಇದ್ದು, ಪರೇಲಿನ ಆ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಕೇಳಿದೆ. ಕೊಟ್ಟರು. ಆ ಎಂಟು ದಿನವೂ ಮಧ್ಯಾಹ್ನ ಕಾಕಿಯ ಮನೆಯಿಂದ ರೊಟ್ಟಿಯ ಡಬ್ಬಿ ಬರುತ್ತಿತ್ತು. ಮೊದಲ ದಿನ ಮುಟ್ಟದೆ ವಾಪಸು ಕಳಿಸಿದೆ. ಎರಡನೆಯ ದಿನವೂ ಹಾಗೇ. ಮೂರನೆಯ ದಿನದಿಂದ ಉಂಡೆ. ಕಾಕಿಯ ಕೈಯ ರೊಟ್ಟಿಯ ಮೇಲೆ ಸಿಟ್ಟು ತೋರಿಸುವುದು ನನ್ನಿಂದ ಆಗಲಿಲ್ಲ.

ಒಂಬತ್ತನೆಯ ದಿನ ನಾನು ಟ್ರಂಕು ಕಟ್ಟುತ್ತಿದ್ದಾಗ ಕಾಕಿಯೇ ಡಬ್ಬಿ ಹಿಡಿದು ಬಂದರು. ಮಾಳಿಗೆಯ ಮೆಟ್ಟಿಲು ಹತ್ತಿ ಅವರಿಗೆ ಏದುಸಿರು ಬಂದಿತ್ತು. ಟ್ರಂಕು ನೋಡಿ ಹೊಸ್ತಿಲ ಮೇಲೇ ನಿಂತರು.

"ಏನಾತೋ ನಿಮ್ಮಿಬ್ಬರ ನಡಕ?"

"ಅವ್ರನ್ನ ಕೇಳ್ರಿ ಕಾಕಿ."

"ಕೇಳಿದೆ. ಅವನ್ನ ಕೇಳು ಅಂದ್ರು."

ನನಗೆ ಅದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹೆಂಡತಿಗೆ ಹೇಳಬೇಕಾದದ್ದನ್ನೂ ಕಾಕಾ ನನ್ನ ಮೇಲೆಯೇ ಹಾಕಿದ್ದರು. ನಾನು ಹೇಳುವುದಿಲ್ಲ, ಕಾಕಿಯ ಮುಖ ನೋಡಿ ಅಂಥ ಮಾತು ನನ್ನ ಬಾಯಿಂದ ಬರುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು.

ಟ್ರಂಕನ್ನು ಸರಿಸಿ ಚಾಪೆ ಹಾಸಿದೆ. "ಕುಂಡ್ರಿ" ಎಂದೆ. ಅವರು ಕೂತರು. ಗಾಡಿ ಕಾಂದಿವಲಿಯಿಂದ ಬಂದ ದಿನದಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದೆ. ನಾನು ಮುಗಿಸಿದ ಮೇಲೆ ಡಬ್ಬಿಯ ಮುಚ್ಚಳ ತೆಗೆದು, ರೊಟ್ಟಿಯ ಮೇಲೆ ಚಟ್ನಿ ಹಾಕಿ, ನಾನು ಉಂಡು ಮುಗಿಸುವವರೆಗೂ ಎದುರಿಗೆ ಕೂತಿದ್ದರು. ಆಮೇಲೆ ಖಾಲಿ ಡಬ್ಬಿ ತೆಗೆದುಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಮನೆಗೆ ಹೋದರು.